ನ್ಯೂಜಿಲೆಂಡಿನ ಶಾಲಾ ಮಂಡಳಿ: ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು

ಶಾಲೆಯ ತೀರ್ಮಾನ ಶಾಲೆಯಲ್ಲೇ ಆಗಲಿ ಎಂದು ಬಾಯಲ್ಲಿ ಹೇಳುವ ಸರ್ಕಾರಗಳು ಬೇಕಾದಷ್ಟಿವೆ. ನ್ಯೂಜಿಲೆಂಡ್ 1989ರ ಅಕ್ಟೋಬರ್ 1ರಿಂದ ಪ್ರಾದೇಶಿಕ ಶಿಕ್ಷಣ ಮಂಡಳಿಗಳನ್ನೇ ತೆಗೆದುಹಾಕಿ, ಪ್ರತಿ ಶಾಲೆಯ ಆಡಳಿತವನ್ನೂ ಅದರದೇ ಮಂಡಳಿಗೆ ಒಪ್ಪಿಸಿತು. ಪ್ರಾಥಮಿಕ ಶಾಲೆಯೂ ಇದಕ್ಕೆ ಹೊರತಲ್ಲ.

ಪೋಷಕರು ಆರಿಸಿದ ಸದಸ್ಯರು, ಸಾಮಾನ್ಯವಾಗಿ ಐವರು. ಜೊತೆಗೆ ಮುಖ್ಯೋಪಾಧ್ಯಾಯರು, ಸಿಬ್ಬಂದಿಯ ಪರವಾಗಿ ಒಬ್ಬರು. ಮೂರು ವರ್ಷಕ್ಕೊಮ್ಮೆ ಚುನಾವಣೆ. ಮುಖ್ಯೋಪಾಧ್ಯಾಯರನ್ನು ನೇಮಿಸುವುದೇ ಮಂಡಳಿ. ಅವರು ಅದರ ಅಧ್ಯಕ್ಷರಾಗುವಂತಿಲ್ಲ. ಈ ನಿಯಮವೊಂದಕ್ಕೇ ಪೂರ್ತಿ ಅಂಕ ಕೊಡಬಹುದು. ಮುಖ್ಯೋಪಾಧ್ಯಾಯರೇ ನಡಾವಳಿ ಬರೆದು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳುವ ಕಾಗದದ ಸಮಿತಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಹಣದ ಏರ್ಪಾಡೂ ಚೆನ್ನಾಗಿದೆ. ನಿತ್ಯದ ಖರ್ಚಿನ ಅನುದಾನ ವರ್ಷಕ್ಕೆ ನಾಲ್ಕು ಕಂತಿನಲ್ಲಿ ಬರುತ್ತದೆ. ಪುಸ್ತಕಕ್ಕೆಷ್ಟು, ಕರೆಂಟಿಗೆಷ್ಟು ಎಂಬುದು ಮಂಡಳಿಗೆ ಬಿಟ್ಟದ್ದು. ಶಿಕ್ಷಕರ ಸಂಬಳ ಮಾತ್ರ ಕೇಂದ್ರದಿಂದಲೇ. ತೊಂಬತ್ತರ ದಶಕದಲ್ಲಿ ಅದನ್ನೂ ಇಡುಗಂಟಾಗಿ ಪಡೆಯುವ ಆಯ್ಕೆಯಿತ್ತು, 2000ದಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದೇ ಸರಿ: ಸಂಬಳವೂ ಒಂದೇ ಗಂಟಿನಲ್ಲಿದ್ದರೆ ಇಪ್ಪತ್ತು ವರ್ಷ ಪಾಠ ಮಾಡಿದವರು ದುಬಾರಿಯಾಗಿ ಕಾಣುತ್ತಾರೆ, ಹೊಸಬರು ಅಗ್ಗವಾಗಿ. ಹಾಗೆಂದು ಕೇಂದ್ರದ ಕೈಯಲ್ಲಿದ್ದರೆ ಎಲ್ಲ ಸಸೂತ್ರ ಎಂದೇನಲ್ಲ. 2012ರಲ್ಲಿ ಹೊಸ ಸಂಬಳ ತಂತ್ರಾಂಶ ಕೈಕೊಟ್ಟು, ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ, ಇನ್ನು ಕೆಲವರಿಗೆ ಸೊನ್ನೆ. ತಪ್ಪು ತಿದ್ದುವ ಚಾಕರಿ ಬಿದ್ದದ್ದು ಶಾಲೆಯ ಗುಮಾಸ್ತರ ತಲೆಗೆ.

ದೊಡ್ಡ ದೋಷ ಗಡಿಯದು, ಅಂದರೆ ಯಾವ ಪ್ರದೇಶದ ಮಕ್ಕಳು ಯಾವ ಶಾಲೆಗೆ ಎಂಬುದು. 1991ರಲ್ಲಿ ಮನೆಯಿರುವ ವಲಯ ನೋಡಿ ಮಕ್ಕಳನ್ನು ಸೇರಿಸುವ ಹಳೆಯ ಪದ್ಧತಿ ಕೈಬಿಟ್ಟಾಗ, ಬೇಡಿಕೆಯಿದ್ದ ಶಾಲೆ ಯಾವ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ತಾನೇ ನಿರ್ಧರಿಸುವಂತಾಯಿತು. ಪಕ್ಕದ ಶಾಲೆ ಖಾಲಿಯಾಗುತ್ತ ಹೋದರೆ ಅದರ ಅನುದಾನವೂ ಇಳಿಯುತ್ತದೆ, ಏಕೆಂದರೆ ಹಣ ಬರುವುದು ಮಕ್ಕಳ ತಲೆಯೆಣಿಕೆಯ ಮೇಲೆ. ತನ್ನ ಶಾಲೆಯ ಹಿತ ಕಾಯುವ ಮಂಡಳಿಗೆ ನೆರೆಯ ಶಾಲೆಯ ಚಿಂತೆ ಇರುವುದಿಲ್ಲ, ಇರಬೇಕೆಂದು ಯಾರೂ ಕೇಳಿಯೂ ಇರಲಿಲ್ಲ. ಮುಂದೆ ನಿಯಮ ಬಿಗಿಯಾಯಿತು. 2020ರ ಕಾಯ್ದೆ ಗಡಿ ಗುರುತಿಸುವ ಕೆಲಸವನ್ನು ಸಚಿವಾಲಯಕ್ಕೆ ವಹಿಸಿತು.

ಕಟ್ಟಡದ್ದು ಇನ್ನೊಂದು ತಲೆನೋವು. ಆಸ್ತಿ ಬಹುಪಾಲು ಸರ್ಕಾರದ್ದು, ಹತ್ತು ವರ್ಷದ ಯೋಜನೆ ಮತ್ತು ಐದು ವರ್ಷದ ನಿಧಿಯ ಉಸಾಬರಿ ಶಾಲೆಯದು. ಓದು ಕಲಿಸಬೇಕಾದವರು ಸೋರುವ ಗೋಡೆಯ ಗುತ್ತಿಗೆದಾರನ ಹಿಂದೆ ಅಲೆಯುತ್ತಾರೆ. ಇದನ್ನು ನಕಲು ಮಾಡುವ ದೇಶಗಳು ಕಟ್ಟಡವನ್ನು ಮೇಲಿನವರಿಗೇ ಬಿಡುವುದು ಲೇಸು.

ಲೆಕ್ಕಪತ್ರ ಮಾರ್ಚ್ 31ರೊಳಗೆ ಲೆಕ್ಕಪರಿಶೋಧಕರಿಗೆ, ವಾರ್ಷಿಕ ವರದಿ ಮೇ 31ರೊಳಗೆ ಸಚಿವಾಲಯಕ್ಕೆ ಹೋಗಬೇಕು. ಮೂವತ್ತು ಮಕ್ಕಳ ಹಳ್ಳಿ ಶಾಲೆಗೂ ಗಡುವು ಅದೇ, ಅಲ್ಲಿ ಆಯವ್ಯಯ ಪಟ್ಟಿ ಓದಬಲ್ಲ ಐವರು ಪೋಷಕರು ಸಿಗುವುದೇ ಕಷ್ಟ. ಒಂದಕ್ಕಿಂತ ಹೆಚ್ಚು ಶಾಲೆಗಳು ಸೇರಿ ಒಂದೇ ಮಂಡಳಿ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಸಣ್ಣ ಶಾಲೆಯವರು ಮೊದಲು ನೋಡಬೇಕಾದದ್ದು ಅದನ್ನು.