ಐಸ್ ಏಜ್ ಎರಡಾ, ಮೂರಾ? ನಮ್ಮ ಮನೆಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, 'ಐಸ್ ಏಜ್' ಕಾರ್ಟೂನ್ ಸಿನಿಮಾಗಳಲ್ಲಿ ನನ್ನ ವೋಟು ಎರಡನೆಯದಕ್ಕೆ. 2006ರ 'ಐಸ್ ಏಜ್: ದ ಮೆಲ್ಟ್‌ಡೌನ್'. ಮೂರನೆಯದು, ಅಂದರೆ 2009ರ 'ಡಾನ್ ಆಫ್ ದ ಡೈನೋಸಾರ್ಸ್', ಇದಕ್ಕಿಂತ ಜಾಸ್ತಿ ದುಡ್ಡು ಮಾಡಿತು. ಅದರ ಗಳಿಕೆ 88 ಕೋಟಿ ಡಾಲರ್ ದಾಟಿತು, ಎರಡನೆಯದು 66 ಕೋಟಿಯ ಆಸುಪಾಸಿನಲ್ಲೇ ನಿಂತಿತು. ಎರಡಕ್ಕೂ ನಿರ್ದೇಶಕರು ಬ್ರೆಜಿಲ್‌ನ ಕಾರ್ಲೋಸ್ ಸಲ್ದಾನಾ. ಎರಡೂ ಒಂದೂವರೆ ಗಂಟೆಯವು. ಯಾವುದನ್ನು ಹಾಕಿದರೇನು ಅಂತ ಅನ್ನಿಸಬಹುದು. ನಮ್ಮಂಥ ಮನೆಯಲ್ಲಿ ಮಾತ್ರ ವ್ಯತ್ಯಾಸ ದೊಡ್ಡದೇ.

ನಮ್ಮಂಥ ಮನೆ ಅಂದರೆ, ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ, ಜೊತೆಗೆ ನಮ್ಮಮ್ಮ. ಸಿನಿಮಾ ನೋಡುವುದು ಶನಿವಾರ ರಾತ್ರಿ ಊಟ ಆದ ಮೇಲೆ, ಹಾಲ್‌ನಲ್ಲಿ ಚಾಪೆ ಹಾಸಿಕೊಂಡು. ಮಗಳಿಗೆ ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತದೆ. ಮಗನಿಗೆ ಬಣ್ಣಗಳ ಹೆಸರು, ಒಂದರಿಂದ ಇಪ್ಪತ್ತು, ಅಷ್ಟೇ. ಅಮ್ಮನಿಗೆ ಅದೂ ಇಲ್ಲ. ಹಿಂದಿ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ತೆರೆಯ ಮೇಲಿನ ಮಾತನ್ನು ಅಲ್ಲಲ್ಲೇ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ.

ಎರಡನೆಯದರ ಡಿವಿಡಿ ಅಣ್ಣನ ಮನೆಯಿಂದ ಪುಕ್ಕಟೆ ಬಂತು. ಮೂರನೆಯದಕ್ಕೆ ಆನ್‌ಲೈನ್‌ನಲ್ಲಿ 120 ರೂಪಾಯಿ ಬಾಡಿಗೆ ಕೊಟ್ಟೆ. ತಲೆನೋವು ಶುರುವಾಗಿದ್ದೇ ಅಲ್ಲಿಂದ.

ಪುಟದಲ್ಲಿ 'ಆಡಿಯೊ: ಇಂಗ್ಲಿಷ್' ಅಂತ ಬರೆದಿತ್ತು. ಟಿವಿಯಲ್ಲಿ ಪ್ಲೇ ಒತ್ತಿದರೆ ಮ್ಯಾಮತ್, ಅಂದರೆ ಹಿಮಯುಗದ ಕೂದಲುಳ್ಳ ಆನೆ, ಹಿಂದಿಯಲ್ಲಿ ಮಾತಾಡುತ್ತಿದೆ! ಭಾಷೆ ಬದಲಿಸುವ ಜಾಗಕ್ಕೆ ಹೋದರೆ ಅಲ್ಲಿ ಇರುವುದು ಒಂದೇ ಸಾಲು, ಹಿಂದಿ. ಸಬ್‌ಟೈಟಲ್ ಇಲ್ಲವೇ ಇಲ್ಲ. ಅದೇ ಸಿನಿಮಾವನ್ನು ಫೋನಿನಲ್ಲಿ ಹಾಕಿದರೆ ಚೆನ್ನಾಗಿ ಇಂಗ್ಲಿಷ್ ಬರುತ್ತಿದೆ. ಅಷ್ಟು ಚಿಕ್ಕ ಸ್ಕ್ರೀನಿಗೆ ಮೂರು ತಲೆ ಬಗ್ಗಿಸಿ ಕೂರುವುದಾದರೆ ಚಾಪೆ ಹಾಸಿದ್ದು ಯಾಕೆ?

ಸರಿ, ಸಹಾಯವಾಣಿಯ ಚಾಟ್‌ಗೆ ಹೋದೆ. ಆ್ಯಪ್ ತೆಗೆದು ಮತ್ತೆ ಹಾಕಿ ಅಂದರು. ಹಾಕಿದೆ. ಟಿವಿ ಆಫ್ ಮಾಡಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಚುಚ್ಚಿ ಅಂದರು. ಅದೂ ಆಯಿತು. ಆಮೇಲೆ ಬೇರೊಬ್ಬರು ಬಂದು ಮೊದಲಿಂದ ಎಲ್ಲ ಕೇಳಿದರು. ಪ್ಲಗ್ ಕಿತ್ತಿರಾ ಅಂತಲೂ ಕೇಳಿದರು. ಅಷ್ಟರಲ್ಲಿ ಮಗ ದಿಂಬಿನ ಮೇಲೆ ಉರುಳಿಯಾಗಿತ್ತು. ಇದರ ಮೇಲೆ ಇನ್ನೊಂದು ಕಾಟ. ಬಾಡಿಗೆ ಸಿನಿಮಾವನ್ನು ಒಮ್ಮೆ ಶುರು ಮಾಡಿದರೆ 48 ಗಂಟೆಯಲ್ಲಿ ಮುಗಿಸಬೇಕು. ಹಿಂದಿಯಲ್ಲಿ ಎರಡು ನಿಮಿಷ ಓಡಿದ್ದೂ ಶುರುವಾದ ಲೆಕ್ಕವೇ. ಸೋಮವಾರ ಸ್ಕೂಲು, ಮಂಗಳವಾರ ಟೆಸ್ಟು. ಅವಧಿ ಮುಗಿಯಿತು. ದುಡ್ಡು ವಾಪಸ್ ಬಂತಾ ಅಂದರೆ ಬಂತು, ಆದರೆ ಬ್ಯಾಂಕಿಗಲ್ಲ, ಅವರದೇ ವಾಲೆಟ್ಟಿಗೆ. ಅಂದರೆ ಮತ್ತೆ ಅವರ ಹತ್ತಿರವೇ ಖರ್ಚು ಮಾಡಬೇಕು. ಮುಂದಿನ ವಾರ ಅದೇ ದುಡ್ಡಲ್ಲಿ ಅದನ್ನೇ ಮತ್ತೆ ಬಾಡಿಗೆಗೆ ತೆಗೆದುಕೊಂಡು, ಲ್ಯಾಪ್‌ಟಾಪ್‌ನಿಂದ ಟಿವಿಗೆ ಕೇಬಲ್ ಚುಚ್ಚಿ, ಅಂತೂ ಇಂತೂ ನೋಡಿದೆವು.

ಭಾಷೆ ಸರಿಹೋದ ಮೇಲೂ ಇನ್ನೊಂದು ತೊಡಕು ಉಳಿಯಿತು. ಆ ಸಿನಿಮಾದ ಜೀವ ಬಕ್. ಒಕ್ಕಣ್ಣಿನ, ಮುಂಗುಸಿಯಂಥ ಪುಟ್ಟ ಪ್ರಾಣಿ. ದನಿ ಕೊಟ್ಟವರು ಸೈಮನ್ ಪೆಗ್. ರೂಡಿ ಅನ್ನುವ ಬಿಳಿ ಡೈನೋಸಾರ್ ಅವನ ಕಣ್ಣು ಕಿತ್ತಿದೆ, ಅವನು ಅದರ ಹಲ್ಲು ಮುರಿದು ಚಾಕು ಮಾಡಿಕೊಂಡಿದ್ದಾನೆ. ಈ ಬಡಾಯಿಯನ್ನೆಲ್ಲ ಅವನೇ ಕುಣಿದು ಕುಪ್ಪಳಿಸಿ, ಉಸಿರು ಬಿಡದೆ ಹೇಳುತ್ತಾನೆ. ನಾನು ಒಂದು ಮಾತನ್ನು ಕನ್ನಡಕ್ಕೆ ತರುವಷ್ಟರಲ್ಲಿ ಅವನು ಮೂರು ಮಾತು ಮುಂದೆ. "ಏನಂತೆ ಕಣೋ?" ಅಂತ ಅಮ್ಮ ಕೇಳುತ್ತಲೇ ಇದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು.

ಒಂದು ಜಾಗ ಮಾತ್ರ ಎಲ್ಲರಿಗೂ ಹಿಡಿಸಿತು. ಕಂದರ ದಾಟುವಾಗ ನಗೆ ಅನಿಲ ಸೋಕಿ ಎಲ್ಲರ ದನಿಯೂ ಕೀಚಲಾಗಿ, ಸಾಯುವ ಹೊತ್ತಲ್ಲೂ ಬಿದ್ದು ಬಿದ್ದು ನಗುತ್ತಾರಲ್ಲ, ಅದು. ಅಲ್ಲಿ ನನ್ನ ಕನ್ನಡ ಬೇಕಾಗಲಿಲ್ಲ.

ಎರಡನೆಯದು ಗೆಲ್ಲುವುದು ಇಲ್ಲೇ. ಅದರ ಕಥೆಯನ್ನು ಒಂದೇ ಉಸಿರಿಗೆ ಹೇಳಬಹುದು. ಕಣಿವೆಯ ಸುತ್ತ ಹಿಮದ ಗೋಡೆ, ಅದರಾಚೆ ನೀರು, ಗೋಡೆ ಕರಗುತ್ತಿದೆ, ಕಣಿವೆಯ ಆ ತುದಿಯಲ್ಲಿ ಒಂದು ದೋಣಿ ಇದೆ, ಎಲ್ಲರೂ ಅಲ್ಲಿಗೆ ಓಡಬೇಕು. ಮತ್ಸ್ಯಾವತಾರದ ಕಥೆ ಹೇಳುತ್ತಲೇ ಮೊಮ್ಮಕ್ಕಳಿಗೆ ಊಟ ಮಾಡಿಸಿದ ಅಮ್ಮನಿಗೆ ಇಷ್ಟು ಸಾಕಾಯಿತು. ಆಮೇಲೆ ಅವರೇ ಮಗನಿಗೆ ಕಥೆ ಮುಂದುವರಿಸಿದರು. ನನಗೆ ರಜೆ.

ಶುರುವಿನಲ್ಲೇ ಕೋರೆಹಲ್ಲಿನ ಅಳಿಲು ಸ್ಕ್ರ್ಯಾಟ್ ಹಿಮದ ಗೋಡೆ ಹತ್ತುತ್ತಾನೆ. ತಾನು ಸದಾ ಬೆನ್ನಟ್ಟುವ ಓಕ್ ಕಾಯಿ ಕಿತ್ತ ಜಾಗದಲ್ಲಿ ನೀರು ಚಿಮ್ಮುತ್ತದೆ. ಕೈಯಿಂದ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೂತು. ಅದಕ್ಕೆ ಇನ್ನೊಂದು ಕೈ, ಆಮೇಲೆ ಕಾಲು. ಮೈಯೆಲ್ಲ ಗೋಡೆಗೆ ಅಂಟಿಕೊಂಡಿದೆ, ನೀರು ಮಾತ್ರ ನಿಲ್ಲುತ್ತಿಲ್ಲ. ಮಗ ಚಾಪೆಯಿಂದ ಎದ್ದು ಗೋಡೆಗೆ ಅಂಗೈ ಒತ್ತಿಕೊಂಡು ನಿಂತುಬಿಟ್ಟ. ಕೊನೆಗೆ ಇಡೀ ಕಣಿವೆ ಉಳಿಯುವುದೂ ಇದೇ ಅಳಿಲಿನಿಂದ. ಕಾಯಿಯನ್ನು ಚುಚ್ಚಿ ಚುಚ್ಚಿ ಹಿಮ ಸೀಳುತ್ತಾನೆ, ನೀರೆಲ್ಲ ಹರಿದುಹೋಗುತ್ತದೆ. ಮೂರನೆಯದರಲ್ಲಿ ಇವನಿಗೊಬ್ಬಳು ಜೋಡಿ ಸಿಗುತ್ತಾಳೆ, ಪ್ರೇಮ, ಮುನಿಸು. ಮಗ ಆ ಹೊತ್ತಿಗೆ ನೀರು ಕುಡಿಯಲು ಎದ್ದು ಹೋದ.

ಎಲ್ಲಿ ಅನ್ನುವವಳೂ ಎರಡನೆಯದರಲ್ಲೇ ಬರುವುದು. ಹೆಣ್ಣು ಮ್ಯಾಮತ್, ಆದರೆ ಇಲಿಯಂಥ ಪುಟ್ಟ ಪ್ರಾಣಿಗಳಾದ ಒಪೋಸಮ್‌ಗಳ ಜೊತೆ ಬೆಳೆದು ತಾನೂ ಒಪೋಸಮ್ ಅಂದುಕೊಂಡಿದ್ದಾಳೆ. ಅಷ್ಟು ದೊಡ್ಡ ಮೈ ಬಾಲ ಸುತ್ತಿ ಮರದಿಂದ ತಲೆಕೆಳಗಾಗಿ ನೇತಾಡುತ್ತದೆ! ಆಮೇಲೆ ಹಿಮದಲ್ಲಿ ಒಂಟಿಯಾಗಿ ನಿಂತ ಮರಿ, ಅದನ್ನು ಕರೆದುಕೊಳ್ಳುವ ಪುಟ್ಟ ತಾಯಿ, ಈ ನೆನಪಿನ ದೃಶ್ಯ ಬಂದಾಗ ಅಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

ವಿಜ್ಞಾನದ ಮಾತಿಗೆ ಬಂದರೆ ಎರಡೂ ಅಷ್ಟಕ್ಕಷ್ಟೇ. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ ಆಯಿತು. ಕೊನೆಯ ಮ್ಯಾಮತ್‌ಗಳು ರಷ್ಯಾದ ಉತ್ತರಕ್ಕಿರುವ ರ‍್ಯಾಂಗೆಲ್ ದ್ವೀಪದಲ್ಲಿ ಸುಮಾರು 4,000 ವರ್ಷದ ಹಿಂದಿನ ತನಕ ಇದ್ದವು, ಅಂದರೆ ಈಜಿಪ್ಟಿನ ದೊಡ್ಡ ಪಿರಮಿಡ್ ಕಟ್ಟಿ ಮುಗಿದ ಮೇಲೂ. ಎರಡೂ ಪ್ರಾಣಿಗಳು ಮುಖಾಮುಖಿ ಆಗಿರಲು ಸಾಧ್ಯವೇ ಇಲ್ಲ. ಮೂರನೆಯದು ಹಿಮದ ಕೆಳಗೊಂದು ಗುಪ್ತ ಲೋಕ ಇದೆ ಅಂತ ಹೇಳಿ ಜಾರಿಕೊಳ್ಳುತ್ತದೆ. ಎರಡನೆಯದರಲ್ಲೂ ಹಿಮದಲ್ಲಿ ಹೆಪ್ಪುಗಟ್ಟಿದ್ದ ಎರಡು ಕಡಲ ಸರೀಸೃಪಗಳು ಎದ್ದು ಬರುತ್ತವೆ. "ಇದೂ ಸುಳ್ಳೇ ಅಲ್ವಾ ಅಪ್ಪಾ?" ಅಂದಳು ಮಗಳು. ಹೌದು ಮಗಳೇ.

ಆದರೆ ಹಿಮದ ಕಟ್ಟೆ ಒಡೆದು ಪ್ರವಾಹ ಬರುವುದು ಪೂರ್ತಿ ಕಟ್ಟುಕಥೆಯಲ್ಲ. ಹಿಮಯುಗದ ಕೊನೆಯ ಹೊತ್ತಿಗೆ ಅಮೆರಿಕದ ಮೊಂಟಾನಾದಲ್ಲಿ ಮಿಸೂಲಾ ಅನ್ನುವ ಭಾರಿ ಸರೋವರ ಇತ್ತು. ಅದನ್ನು ತಡೆದಿದ್ದ ಹಿಮದ ಕಟ್ಟೆ ಮತ್ತೆ ಮತ್ತೆ ಒಡೆದು, ನೀರು ಈಗಿನ ವಾಷಿಂಗ್ಟನ್ ರಾಜ್ಯದ ನೆಲವನ್ನೇ ಕೊರೆದುಕೊಂಡು ಹೋಗಿದೆ. ಮಗಳಿಗೆ ಅದರ ಫೋಟೊ ತೋರಿಸಿದೆ. ಮೂರನೆಯದು ನೋಡಿದ ಮೇಲೆ ಹೀಗೆ ತೋರಿಸಲು ನನಗೇನೂ ಸಿಗಲಿಲ್ಲ.

ಹೆದರಿಕೆ: ಎರಡರಲ್ಲೂ ಇದೆ. ಕಡಲ ಪ್ರಾಣಿಗಳು ಬಂದಾಗ ಮಗ ಅಜ್ಜಿಯ ಸೆರಗಿನೊಳಗೆ ಹೋಗುತ್ತಾನೆ. ರೂಡಿ ಬಂದಾಗ ಹಾಲ್‌ನಿಂದಲೇ ಹೋದ.

ಚಿತ್ರದ ಅಂದ: ಮೂರನೆಯದೇ ಮೇಲು. ಕೆಳಲೋಕದ ಹಸಿರು, ಲಾವಾ, ಹಾರುವ ಪ್ರಾಣಿಗಳ ಮೇಲಿನ ಸವಾರಿ, ಎಲ್ಲ ದೊಡ್ಡ ತೆರೆಗೆ ಮಾಡಿದ್ದು. ನಮ್ಮದು 32 ಇಂಚಿನ ಟಿವಿ.

ನಿಮ್ಮ ಮಕ್ಕಳಿಗೆ ಇಂಗ್ಲಿಷ್ ಸಲೀಸಾಗಿದ್ದರೆ, ಎಂಟು ದಾಟಿದ್ದರೆ, ಮೂರನೆಯದನ್ನು ಧಾರಾಳವಾಗಿ ಹಾಕಿ. ಬಕ್‌ನ ಮಾತು ನೇರ ಕಿವಿಗೆ ಬಿದ್ದರೆ ಮಜಾನೇ ಬೇರೆ. ಮನೆಯಲ್ಲಿ ಅಜ್ಜಿಯೂ ಇದ್ದು, ಸಣ್ಣವರೂ ಇದ್ದು, ನೋಡಿದ್ದನ್ನೇ ಮತ್ತೆ ನೋಡುವ ಚಟ ಇದ್ದರೆ ಎರಡನೆಯದರ ಡಿವಿಡಿ ಹುಡುಕಿ. ಬಾಡಿಗೆಗೇ ಹೋಗುವುದಾದರೆ ಶುಕ್ರವಾರ ರಾತ್ರಿ ಶುರು ಮಾಡಿ, ಶನಿವಾರ, ಭಾನುವಾರ ಕೈಯಲ್ಲಿರುತ್ತದೆ. ದುಡ್ಡು ಕಟ್ಟುವ ಮೊದಲು ಫೋನಿನಲ್ಲಲ್ಲ, ಟಿವಿಯಲ್ಲೇ ಭಾಷೆಯ ಪಟ್ಟಿ ನೋಡಿ. ನಾಲ್ಕನೆಯದರಲ್ಲಿ ಕಡಲುಗಳ್ಳರು ಇದ್ದಾರಂತೆ ಅಂತ ಮಗ ಆಗಲೇ ಕೇಳಿಕೊಂಡು ಬಂದಿದ್ದಾನೆ. ಅದರ ಡಿವಿಡಿ ಇದೆಯಾ ಅಂತ ಅಣ್ಣನಿಗೆ ಮೆಸೇಜ್ ಹಾಕಿದ್ದೇನೆ.