ಹಳೆಯ ಸ್ಪೋರ್ಟ್‌ಸ್ಟಾರ್ ಮುಖಪುಟಕ್ಕೆ ಯಾವ ಕವರ್ ಒಳ್ಳೆಯದು?

1978ರಲ್ಲಿ ಶುರುವಾದ ಕ್ರೀಡಾಪತ್ರಿಕೆ ಸ್ಪೋರ್ಟ್‌ಸ್ಟಾರ್ ಇರಲಿ, ಕ್ರಿಕೆಟಿಗ ಪಟೌಡಿ ಸಂಪಾದಕರಾಗಿದ್ದ ಸ್ಪೋರ್ಟ್ಸ್‌ವರ್ಲ್ಡ್ ಇರಲಿ, ಸಂಗ್ರಹಕಾರರಿಗೆ ಮುಖಪುಟವೇ ಪ್ರಾಣ. ಸ್ಕೋರು ಬೇರೆಲ್ಲಾದರೂ ಸಿಕ್ಕೀತು. ಪತ್ರಿಕೆಯ ಹೆಸರನ್ನು ಅರ್ಧ ಮರೆಮಾಡಿ ಮೇಲೆದ್ದ ಬ್ಯಾಟು, ಅದರ ಹಿಂದಿನ ಗಾಢ ಬಣ್ಣ ಆ ಪ್ರತಿಯಲ್ಲಷ್ಟೇ ಉಳಿದಿರುತ್ತದೆ. ಪತ್ರಿಕೆ ಇಡುವ ಮೂರು ಬಗೆಯ ಪ್ಲಾಸ್ಟಿಕ್ ಕವರುಗಳಲ್ಲಿ ಎರಡು ಮಳೆಗಾಲ ಇಟ್ಟು ನೋಡಿದಾಗ ಕಂಡದ್ದು ಇಷ್ಟು.

ಪಿವಿಸಿ: ಸ್ಟೇಷನರಿ ಅಂಗಡಿಯ ಮೆತ್ತನೆಯ, ರೇನ್‌ಕೋಟಿನ ವಾಸನೆಯ ಕವರ್. ಬೇಡವೇ ಬೇಡ. ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಹೊರಬಂದು ಶಾಯಿಯನ್ನು ಹಿಡಿಯುತ್ತದೆ. ಕಪ್ಪು ಹಿನ್ನೆಲೆಯ ಪುಟ ಮೊದಲು ಅಂಟುತ್ತದೆ, ಎಳೆದರೆ ಬಣ್ಣವೂ ಕಿತ್ತು ಬರುತ್ತದೆ.

ಪಾಲಿಪ್ರೊಪಿಲೀನ್, ಅಂದರೆ ಪಿಪಿ: ಮುಟ್ಟಿದರೆ ಸರಸರ ಸದ್ದು, ವಾಸನೆಯಿಲ್ಲ. 40-50 ಮೈಕ್ರಾನ್ ದಪ್ಪ ಸಾಕು. ಬಣ್ಣ ತುಸು ಮಂಕಾಗಿ ಕಾಣುತ್ತದೆ, ಪ್ರತಿಗೇನೂ ಆಗುವುದಿಲ್ಲ. ಅಂಟುಪಟ್ಟಿ ಕವರಿನ ಬಾಯಿ ಮುಚ್ಚುವ ಮಡಿಕೆಯ ಮೇಲಿದ್ದರೆ ಪತ್ರಿಕೆ ಹೊರತೆಗೆಯುವಾಗ ಮುಖಪುಟಕ್ಕೇ ಅಂಟಿ ಹರಿಯುತ್ತದೆ. ಪಟ್ಟಿ ಕವರಿನ ಹಿಂಬದಿಗಿರುವುದನ್ನೇ ಕೇಳಿ ಕೊಳ್ಳಿ. ಅಗಲ ಪತ್ರಿಕೆಗಿಂತ 10 ಮಿ.ಮೀ. ಹೆಚ್ಚಿರಲಿ. 2006ರಲ್ಲಿ ಸ್ಪೋರ್ಟ್‌ಸ್ಟಾರ್ ಇನ್ನೂ ದೊಡ್ಡದಾದ ಟ್ಯಾಬ್ಲಾಯ್ಡ್ ಆಕಾರಕ್ಕೆ ಬದಲಾಯಿತು. ಆ ಪ್ರತಿಗಳನ್ನು ಎ4 ಕವರಿಗೆ ಮಡಚಿ ತುರುಕಿದರೆ ಮಡಿಕೆಯಲ್ಲಿ ಬಿಳಿ ಗೆರೆ ಬೀಳುತ್ತದೆ, ಅದು ಮತ್ತೆ ಹೋಗದು.

ಪಾಲಿಯೆಸ್ಟರ್: ನೋಟಕ್ಕೆ ಇದರ ಸಮ ಇನ್ನೊಂದಿಲ್ಲ, ಗಾಜಿನ ಹಿಂದಿಟ್ಟ ಹಾಗೆ. 75-100 ಮೈಕ್ರಾನಿನದು ಪತ್ರಿಕೆಯ ಬೆನ್ನನ್ನೂ ನೆಟ್ಟಗೆ ಹಿಡಿಯುತ್ತದೆ. ಪಿಪಿಗಿಂತ ಹಲವು ಪಟ್ಟು ದುಬಾರಿ, ದೂಳನ್ನೂ ಎಳೆದುಕೊಳ್ಳುತ್ತದೆ. ನಾಲ್ಕೂ ಬದಿ ಮುಚ್ಚಿದರೆ ತೇವ ಒಳಗೇ ಉಳಿದು ಬೂಸ್ಟು ಬರುತ್ತದೆ, ಮೇಲ್ಬದಿ ತೆರೆದೇ ಇರಲಿ. ಅಪರೂಪದ ಹತ್ತಿಪ್ಪತ್ತು ಪ್ರತಿಗೆ ಇದು, ಮಿಕ್ಕವಕ್ಕೆಲ್ಲ ಪಿಪಿ.

ಯಾವ ಕವರ್ ಆದರೂ ಮೊದಲು ಪಿನ್ನು ನೋಡಿ. ತುಕ್ಕು ಹಿಡಿದಿದ್ದರೆ ನಡುಪುಟ ಬಿಚ್ಚಿ, ಮೊಂಡು ಚಾಕುವಿನಿಂದ ಕಾಲುಗಳನ್ನು ನೆಟ್ಟಗೆ ಮಾಡಿ ಬೆನ್ನಿನ ಕಡೆಯಿಂದ ಎಳೆಯಿರಿ. ಹಳೆಯ ರಂಧ್ರಗಳಲ್ಲೇ ಹತ್ತಿ ದಾರ ಹೊಲಿದರೆ ಸಾಕು. ನಡುಪುಟದ ಪೋಸ್ಟರ್ ಇದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ಹಾಸ್ಟೆಲ್ ಗೋಡೆ ಸೇರಿದ ಪೋಸ್ಟರುಗಳೇ ಹೆಚ್ಚು, ಹಾಗಾಗಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಳ್ಳುವಾಗ ಬೆಲೆ ಕೇಳುವ ಮೊದಲೇ ನಡುಪುಟ ತೆರೆಯಿರಿ.

ಕವರಿನೊಳಗೆ ಪ್ರತಿಯ ಹಿಂದಿಡುವ ರಟ್ಟು ಆಮ್ಲರಹಿತವಾಗಿರಲಿ. ಮಾಮೂಲಿ ಬೂದು ರಟ್ಟು ತಾಗಿದ ಕಡೆ ಕಾಗದ ಹಳದಿಯಾಗುತ್ತದೆ. ಕಿಟಕಿಯೆದುರು ತೂಗುಹಾಕಿದರೆ ಹಳದಿ, ಕೆಂಪು ಶಾಯಿ ಮೊದಲು ಬಿಸಿಲಿಗೆ ಹಾರಿ, ಕೊನೆಗೆ ಆಟಗಾರನ ಮುಖವೂ ನೀಲಿಗಟ್ಟುತ್ತದೆ. ಅದನ್ನು ಯಾವ ಕವರೂ ತಡೆಯದು.