ರಮಲ್ಲಾದ ಯಾಸರ್ ಅರಾಫತ್ ಮ್ಯೂಸಿಯಂ: ಕೊನೇ ರೂಮ್ ನೋಡ್ದೆ ಮಾತ್ರ ವಾಪಸ್ ಬರ್ಬೇಡಿ

ಆ ಕಡೆ ಟೂರ್ ಹೋಗೋರು ಜೆರುಸಲೇಮ್, ಬೆತ್ಲೆಹೆಮ್ ನೋಡ್ಕೊಂಡು ಹಂಗೇ ವಾಪಸ್ ಬಂದ್ಬಿಡ್ತಾರೆ, ಅಂಥವರು ದಯವಿಟ್ಟು ಅರ್ಧ ದಿನ ಪ್ಯಾಲೆಸ್ತೀನ್‌ನ ರಮಲ್ಲಾಗೂ ಎತ್ತಿಡಿ. ಪ್ಯಾಲೆಸ್ತೀನಿಯರ ನಾಯಕರಾಗಿದ್ದ ಅರಾಫತ್ ಅವ್ರ ಮ್ಯೂಸಿಯಂ ಇರೋದು ಮುಖಾತಾ ಕಾಂಪೌಂಡ್‌ನಲ್ಲಿ, ಅದೇ ಪ್ಯಾಲೆಸ್ತೀನ್ ಅಧ್ಯಕ್ಷರ ಆಫೀಸ್ ಇರೋ ಜಾಗ. ಬ್ರಿಟಿಷರು ಕಟ್ಸಿದ್ದು, 2002ರಲ್ಲಿ ಇಸ್ರೇಲಿ ಟ್ಯಾಂಕು ಬುಲ್ಡೋಜರ್‌ಗಳು ನುಗ್ಗಿ ಇಲ್ಲಿನ ಬಹುಪಾಲು ಬಿಲ್ಡಿಂಗ್ ಕೆಡವಿ ಹಾಕಿದ್ವು. ಮ್ಯೂಸಿಯಂ ಓಪನ್ ಆಗಿದ್ದು 2016ರ ನವೆಂಬರ್‌ನಲ್ಲಿ.

ಮೊದ್ಲು ಅರಾಫತ್ ಸಮಾಧಿ ನೋಡ್ಕೊಳ್ಳಿ, ಪಕ್ಕದಲ್ಲೇ ಇದೆ. ಜಾಫರ್ ತುಕಾನ್ ಅನ್ನೋ ಆರ್ಕಿಟೆಕ್ಟ್ ಡಿಸೈನ್ ಮಾಡಿದ್ದು, ಕಲ್ಲು ಮತ್ತು ಗಾಜಿನ ಚೌಕ ಕಟ್ಟಡ, ಒಂದೊಂದು ಬದಿ 11 ಮೀಟರ್, ಯಾಕಂದ್ರೆ ಅವ್ರು ತೀರ್ಕೊಂಡಿದ್ದು 2004 ನವೆಂಬರ್ 11ಕ್ಕೆ. ಸುತ್ತ ನೀರು, ಗೋರಿ ಕೆಳಗೆ ರೈಲು ಹಳಿಯ ತುಂಡು ಇಟ್ಟಿದಾರೆ. ಇದು ಟೆಂಪರರಿ ಜಾಗ ಮಾತ್ರ, ಮುಂದೊಂದು ದಿನ ಜೆರುಸಲೇಮ್‌ಗೆ ಒಯ್ದು ಮಣ್ಣು ಮಾಡ್ಬೇಕು ಅನ್ನೋದು ಅದರ ಅರ್ಥ. ಅವ್ರ ಆಸೆ ಇದ್ದಿದ್ದೂ ಅದೇ. ಇದು ಗೊತ್ತಿಲ್ದೆ ಹೋದ್ರೆ ಒಂದು ಚೆಂದದ ಕಟ್ಟಡ ನೋಡಿದಂಗೆ ಆಗುತ್ತೆ ಅಷ್ಟೇ, ಗೊತ್ತಿದ್ರೆ ಅಲ್ಲಿಂದ ಕಾಲು ಕೀಳೋಕೆ ಮನಸ್ಸಾಗಲ್ಲ.

ಒಳಗೆ ಇಳಿಜಾರು ದಾರಿಲಿ ನಡೀತಾ ನಡೀತಾ ಇಪ್ಪತ್ತನೇ ಶತಮಾನದ ಪ್ಯಾಲೆಸ್ತೀನ್ ಇತಿಹಾಸ ಬರುತ್ತೆ, ಫೋಟೋ, ವಿಡಿಯೋ, ಓದೋ ಬೋರ್ಡ್ ತುಂಬಾ ಇದೆ. ಸ್ವಲ್ಪ ಓದ್ಕೊಂಡು ಹೋದ್ರೆ ಒಳ್ಳೇದು. ಈ ಮನುಷ್ಯ 1929ರಲ್ಲಿ ಕೈರೋದಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಓದಿ, ಕುವೈತ್‌ನಲ್ಲಿ ಕೆಲ್ಸ ಮಾಡ್ಕೊಂಡೇ ಫತಾ ಸಂಘಟನೆ ಕಟ್ಟಿದೋರು, 1969ರಲ್ಲಿ ಪಿಎಲ್‌ಒ (ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ) ಅಧ್ಯಕ್ಷ ಆದ್ರು, 1970ರಲ್ಲಿ ಜೋರ್ಡಾನ್ ಸೈನ್ಯದ ಜೊತೆನೇ ಯುದ್ಧ ಆಗಿ ಅಲ್ಲಿಂದ ಲೆಬನಾನ್, 1982ರಲ್ಲಿ ಇಸ್ರೇಲ್ ಬೈರೂತ್‌ಗೆ ಮುತ್ತಿಗೆ ಹಾಕ್ದಾಗ ಅಲ್ಲಿಂದ್ಲೂ ಹಡಗು ಹತ್ತಿ ಹೊರಟು ಕೊನೆಗೆ ಟ್ಯುನಿಸ್, 1985ರಲ್ಲಿ ಅಲ್ಲಿಗೂ ಇಸ್ರೇಲಿ ವಿಮಾನ ಬಂದು ಬಾಂಬ್ ಹಾಕಿದ್ವು. 1992ರಲ್ಲಿ ಲಿಬಿಯಾ ಮರುಭೂಮಿಲಿ ವಿಮಾನ ಬಿದ್ರೂ ಬದುಕಿ ಬಂದ್ರು! ಇಷ್ಟು ಊರು ಬಿಟ್ಟು ಓಡಾಡಿದ ರಾಜಕಾರಣಿ 1994ರ ಜುಲೈನಲ್ಲಿ ಗಾಜಾಗೆ ವಾಪಸ್ ಬಂದು ಕಾಲಿಟ್ರು ಅಂದ್ರೆ ಆ ಜನಕ್ಕೆ ಹೆಂಗಾಗಿರ್ಬೇಡ ಹೇಳಿ. ಅದೇ ವರ್ಷ ಇಸ್ರೇಲ್ ನಾಯಕರಾದ ರಾಬಿನ್, ಪೆರೆಸ್ ಜೊತೆ ನೊಬೆಲ್ ಶಾಂತಿ ಪ್ರಶಸ್ತಿನೂ ಬಂತು.

ಆದ್ರೆ ಈ ಜಾಗದ ನಿಜವಾದ ಜೀವ ಇರೋದು ಕೊನೇಲಿ. ಸೇತುವೆ ತರ ಇರೋ ದಾರಿ ದಾಟಿದ್ರೆ ಹಳೇ ಬಿಲ್ಡಿಂಗ್ ಒಳಗೆ ಬರ್ತೀವಿ, ಇಸ್ರೇಲಿ ಸೈನ್ಯ ಈ ಮುಖಾತಾಗೆ ಮುತ್ತಿಗೆ ಹಾಕಿದ್ದ ಟೈಮಲ್ಲಿ ಅವ್ರು ಇದ್ದ ರೂಮ್‌ಗಳು ಅವು. ಇಕ್ಕಟ್ಟು ಅಂದ್ರೆ ಇಕ್ಕಟ್ಟು. ಒಬ್ರು ಮಲಗೋ ಅಷ್ಟೇ ಅಗಲದ ಮಂಚ, ಸಣ್ಣ ಬೀರು, ಅದ್ರಲ್ಲಿ ಆ ಹಸಿರು ಮಿಲಿಟರಿ ಡ್ರೆಸ್, ಮಡಿಚಿಟ್ಟ ಕಪ್ಪು ಬಿಳಿ ಕೆಫಿಯಾ, ಅಂದ್ರೆ ತಲೆಗೆ ಸುತ್ಕೊಳ್ಳೋ ವಸ್ತ್ರ. ಪಕ್ಕದಲ್ಲಿ ಕಾವಲಿನವರು ಮಲಗ್ತಿದ್ದ ಜಾಗ. ಜಗತ್ತಿನ ದೊಡ್ಡ ದೊಡ್ಡ ನಾಯಕರ ಜೊತೆ ಕೂತೆದ್ದವರು, 1974ರಲ್ಲಿ ವಿಶ್ವಸಂಸ್ಥೇಲಿ ನಿಂತು ಆಲಿವ್ ಕೊಂಬೆ ನನ್ನ ಕೈಯಿಂದ ಬೀಳೋಕೆ ಬಿಡ್ಬೇಡಿ ಅಂತ ಕೇಳ್ಕೊಂಡವರು, ಕೊನೆಕೊನೆಗೆ ಹೊರಗೆ ಟ್ಯಾಂಕ್ ನಿಂತಿರೋವಾಗ ಇಲ್ಲಿ ಮಲಗಿದ್ರು. 2004ರ ಅಕ್ಟೋಬರ್ 29ಕ್ಕೆ ಹೆಲಿಕಾಪ್ಟರ್ ಹತ್ತಿ ಟ್ರೀಟ್‌ಮೆಂಟ್‌ಗೆ ಪ್ಯಾರಿಸ್ ಕಡೆ ಹೋದೋರು ಜೀವಂತ ವಾಪಸ್ ಬರ್ಲಿಲ್ಲ. ಆ ಮಂಚದ ಮುಂದೆ ನಂಗೆ ಮಾತೇ ಹೊರಡ್ಲಿಲ್ಲ.

ಹಂಗಂತ ಅವ್ರು ಮಾಡಿದ್ದೆಲ್ಲಾ ಸರಿ ಅಂತ ನಾನು ಹೇಳ್ತಿಲ್ಲ. 1990ರಲ್ಲಿ ಇರಾಕ್‌ನ ಸದ್ದಾಂ ಕುವೈತ್ ಮೇಲೆ ಬಿದ್ದಾಗ ಇವ್ರು ಸದ್ದಾಂ ಕಡೆ ವಾಲಿದ್ರು, ಯುದ್ಧ ಮುಗಿದ ಮೇಲೆ ಅದರ ಬೆಲೆ ತೆತ್ತಿದ್ದು ಕುವೈತ್‌ನಲ್ಲಿ ದುಡೀತಿದ್ದ ಲಕ್ಷಾಂತರ ಪ್ಯಾಲೆಸ್ತೀನಿಯರು, ಕಟ್ಕೊಂಡ ಬದುಕು ಬಿಟ್ಟು ಹೊರಡಬೇಕಾಯ್ತು. ಹಿಂಸೆಯಲ್ಲಿ ಸತ್ತ ಇಸ್ರೇಲಿ ಸಾಮಾನ್ಯ ಜನರ ಮನೆಯವ್ರಿಗೆ ಈ ಹೆಸರು ಕೇಳಿದ್ರೆ ಆಗೋ ನೋವು ಬೇರೆನೇ. ಇದೂ ತಲೇಲಿ ಇಟ್ಕೊಂಡೇ ಒಳಗೆ ನಡೀರಿ, ಆಗ ಆ ಸಣ್ಣ ರೂಮ್‌ನಲ್ಲಿ ಹೀರೋ ಬದ್ಲು ಒಬ್ಬ ಮನುಷ್ಯ ಕಾಣ್ತಾನೆ.

ನಮ್ ಪ್ರಧಾನಿ ಮೋದಿನೂ 2018ರ ಫೆಬ್ರವರಿಲಿ ಬಂದು ಸಮಾಧಿಗೆ ಹೂವಿನ ಗುಚ್ಛ ಇಟ್ಟು ಮ್ಯೂಸಿಯಂ ನೋಡ್ಕೊಂಡು ಹೋಗಿದ್ರು.

ಜೆರುಸಲೇಮ್‌ನಿಂದ ಬರೋರು ಕಲಾಂದಿಯಾ ಅನ್ನೋ ಇಸ್ರೇಲಿ ಚೆಕ್‌ಪೋಸ್ಟ್ ದಾಟ್ಬೇಕು, ವಾಪಸ್ ಹೋಗೋವಾಗ ಅಲ್ಲಿ ಕ್ಯೂ ಎಷ್ಟು ಹೊತ್ತು ಅಂತ ಹೇಳೋಕಾಗಲ್ಲ, ಪಾಸ್‌ಪೋರ್ಟ್ ಕೈಲೇ ಇರ್ಲಿ. ಪರಿಸ್ಥಿತಿ ದಿನಕ್ಕೊಂದು ತರ ಇರುತ್ತೆ, ರೋಡ್ ಓಪನ್ ಇದ್ಯಾ, ಮ್ಯೂಸಿಯಂ ತೆಗ್ದಿದ್ಯಾ ಅಂತ ಹಿಂದಿನ ದಿನಾನೇ ವಿಚಾರಿಸ್ಕೊಳ್ಳಿ. ಒಳಗೆ ಎರಡು ಗಂಟೆಯಾದ್ರೂ ಬೇಕು, ಬೋರ್ಡ್ ಎಲ್ಲಾ ಓದ್ತೀನಿ ಅನ್ನೋರಿಗೆ ಅದೂ ಸಾಲಲ್ಲ.